ಕಡ್ಡಿಯಿಂದ ಗೋಡೆ: ರೈತ ಸಂಘಗಳು ಬೆಳೆಸಿದ ಒಂದು ಉದ್ದಿಮೆಯ ಇತಿಹಾಸ



ನಮ್ಮ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಸಂಘ ನಡೆದು ಬಂದ ದಾರಿಯನ್ನು ಬೇರೆಯವರು ಬರೆಯುತ್ತಿದ್ದಾರೆ. ಆದ್ದರಿಂದ ನಾವು ಬೇರೊಂದು ಇತಿಹಾಸವನ್ನು ಆರಿಸಿಕೊಂಡಿದ್ದೇವೆ. ಈಚೆಗೆ ನಮ್ಮ ಯುವಕರಲ್ಲಿ ಒಂದು ಮಾತು ಓಡಾಡುತ್ತಿದೆ. ಭಂಗಿ ಗಿಡದ ಕಡ್ಡಿಯಿಂದ ಮನೆ ಕಟ್ಟುತ್ತಾರಂತೆ, ಅದಕ್ಕೆ ಒಳ್ಳೆ ಬೆಲೆ ಇದೆಯಂತೆ, ನಮ್ಮ ಸಂಘ ಯಾಕೆ ಇದಕ್ಕೆ ಕೈ ಹಾಕಬಾರದು ಅಂತ. ಕೇಳಿದವರಲ್ಲಿ ಕೆಲವರು ನಗುತ್ತಾರೆ, ಕೆಲವರು ಬೀಜ ಎಲ್ಲಿ ಸಿಗುತ್ತದೆ ಎಂದು ವಿಚಾರಿಸುತ್ತಾರೆ. ನಗುವುದೂ ಬೇಡ, ಬೀಜ ಹುಡುಕುವುದೂ ಬೇಡ. ಮೊದಲು ವಿಷಯ ಏನೆಂದು ತಿಳಿಯೋಣ.

ಮೊಟ್ಟಮೊದಲಿಗೆ ಹೆಸರಿನ ಗೊಂದಲ ಬಿಡಿಸಬೇಕು. ನಾವು ಹಸಿರೆಲೆ ಗೊಬ್ಬರಕ್ಕೆಂದು ಗದ್ದೆಗೆ ಚೆಲ್ಲುವ ಸೆಣಬು ಬೇರೆ. ಉತ್ತರ ಕರ್ನಾಟಕದವರು ಪಲ್ಯ ಮಾಡುವ ಪುಂಡಿ ಬೇರೆ. ಗೋಣಿಚೀಲದ ಸೆಣಬು ಇನ್ನೊಂದು. ಇಲ್ಲಿ ಹೇಳುತ್ತಿರುವುದು ಭಂಗಿ, ಅಂದರೆ ಗಾಂಜಾ ಜಾತಿಯದೇ ಗಿಡ. ಆದರೆ ನಾರು ಮತ್ತು ಬೀಜಕ್ಕಾಗಿ ಬೆಳೆಯುವ ತಳಿಗಳಲ್ಲಿ ಮತ್ತು ಬರಿಸುವ ಅಂಶ ಬಹಳ ಕಡಿಮೆ. ಯೂರೋಪಿನಲ್ಲಿ ಈಗ ಅದು 0.3 ಪರ್ಸೆಂಟ್ ಮೀರಬಾರದೆಂಬ ನಿಯಮವಿದೆ. ಈ ಗಿಡ ನಾಲ್ಕೈದು ತಿಂಗಳಲ್ಲಿ ಆಳೆತ್ತರ ಮೀರಿ ಬೆಳೆಯುತ್ತದೆ. ಒತ್ತಾಗಿ ಬಿತ್ತಿದರೆ ಕಳೆಯನ್ನು ಏಳಗೊಡುವುದಿಲ್ಲ. ಅದರ ಕಾಂಡದ ಹೊರಗೆ ನಾರು, ಒಳಗೆ ಹಗುರವಾದ ಬೆಂಡಿನಂಥ ಕಡ್ಡಿ. ಒಣಗಿದ ಕಾಂಡದ ತೂಕದಲ್ಲಿ ಸುಮಾರು ಅರ್ಧದಷ್ಟು ಈ ಕಡ್ಡಿಯೇ.

ಈ ಕಡ್ಡಿಯನ್ನು ಚೂರು ಮಾಡಿ, ಸುಣ್ಣ ಮತ್ತು ನೀರು ಸೇರಿಸಿ ಕಲಸಿ, ಮರದ ಚೌಕಟ್ಟಿನ ಸುತ್ತ ಹಲಗೆ ಕಟ್ಟಿ ತುಂಬುತ್ತಾರೆ. ಇಲ್ಲವೇ ಅಚ್ಚಿಗೆ ಹಾಕಿ ಇಟ್ಟಿಗೆ ಮಾಡಿ ಒಣಗಿಸುತ್ತಾರೆ. ಗೋಡೆ ಒಣಗಲು ವಾರಗಟ್ಟಲೆ ಬೇಕು. ಒಣಗಿದ ಮೇಲೆ ಸುಣ್ಣದ ಗಿಲಾವು. ಈ ಗೋಡೆ ಬಿಸಿಲಿನ ಕಾವನ್ನು ಒಳಗೆ ಬಿಡುವುದಿಲ್ಲ, ಚಳಿಗೆ ಬೆಚ್ಚಗಿರುತ್ತದೆ, ಬೇಗ ಬೆಂಕಿ ಹಿಡಿಯುವುದಿಲ್ಲ. ಒಂದು ಮಾತು ಮಾತ್ರ ನೆನಪಿರಲಿ. ಇದು ಭಾರ ಹೊರುವ ಗೋಡೆಯಲ್ಲ. ಭಾರಕ್ಕೆ ಮರವೋ ಕಬ್ಬಿಣವೋ ಕಾಂಕ್ರೀಟ್ ಕಂಬವೋ ಬೇಕೇ ಬೇಕು. ಸಿಮೆಂಟೇ ಬೇಡ ಎನ್ನುವವರು ಈ ಅರ್ಧ ಮಾತನ್ನು ಬಿಟ್ಟು ಹೇಳುತ್ತಾರೆ.

ಹೊಟ್ಟು ಹುಲ್ಲು ಕಲಸಿ ಗೋಡೆ ಕಟ್ಟುವುದು ನಮಗೇನೂ ಹೊಸದಲ್ಲ. ನಮ್ಮ ಅಜ್ಜಂದಿರು ಕೆಮ್ಮಣ್ಣಿಗೆ ಹುಲ್ಲು ಸೇರಿಸಿ ತುಳಿದು ಗೋಡೆ ಎಬ್ಬಿಸಿದರು. ಗಾಣದಲ್ಲಿ ಅರೆದ ಗಾರೆಗೆ ಬೆಲ್ಲದ ನೀರು ಹಾಕಿದರು. ಇನ್ನೂ ಹಿಂದಕ್ಕೆ ಹೋದರೆ ಎಲ್ಲೋರದ ಗುಹೆಗಳಿವೆ. ಅಲ್ಲಿಯ ಕೈಲಾಸ ದೇವಾಲಯವನ್ನು 8ನೇ ಶತಮಾನದಲ್ಲಿ ಕೊರೆಸಿದವನು ರಾಷ್ಟ್ರಕೂಟರ ಒಂದನೇ ಕೃಷ್ಣ. ಮುಂದೆ ಆ ವಂಶದವರೇ ನಮ್ಮ ಮಳಖೇಡದಿಂದ ಆಳಿದರು. ಎಲ್ಲೋರದ ಹಳೆಯ ಮಣ್ಣಿನ ಗಿಲಾವಿನಲ್ಲಿ ಭಂಗಿ ಗಿಡದ ಚೂರುಗಳು ಬೆರೆತಿರುವುದನ್ನು ಎಂ.ಆರ್. ಸಿಂಗ್ ಮತ್ತು ಮಿಲಿಂದ್ ಸರದೇಸಾಯಿ ಎಂಬ ಸಂಶೋಧಕರು 2016ರಲ್ಲಿ ಪ್ರಕಟಿಸಿದರು. ಹುಳ ಹಿಡಿಯದಿರಲು ಅದು ಸಹಾಯ ಮಾಡಿರಬೇಕೆಂಬುದು ಅವರ ಅಭಿಪ್ರಾಯ.

ಹಳೆಯ ಕಾಲದ ಈ ವಿದ್ಯೆ ಈ ಕಾಲದಲ್ಲಿ ಉದ್ದಿಮೆಯಾಗಿ ಬೆಳೆದದ್ದು ಮಾತ್ರ ಫ್ರಾನ್ಸ್ ದೇಶದಲ್ಲಿ. ಅದನ್ನು ಬೆಳೆಸಿದ್ದರಲ್ಲಿ ದೊಡ್ಡ ಪಾಲು ನಮ್ಮಂಥದೇ ಒಂದು ಸಹಕಾರ ಸಂಘದ್ದು. ಈ ಲೇಖನದ ಮುಖ್ಯ ವಿಷಯ ಇದೇ.

ಹಾಯಿ ಹಡಗುಗಳ ಕಾಲದಲ್ಲಿ ಹಗ್ಗಕ್ಕೂ ಹಾಯಿ ಬಟ್ಟೆಗೂ ಈ ನಾರೇ ಬೇಕಾಗಿತ್ತು. 19ನೇ ಶತಮಾನದ ಮಧ್ಯಭಾಗದಲ್ಲಿ ಫ್ರಾನ್ಸಿನ ರೈತರು ಒಂದೂವರೆ ಲಕ್ಷ ಹೆಕ್ಟೇರಿಗೂ ಮಿಕ್ಕಿ ಇದನ್ನು ಬೆಳೆಯುತ್ತಿದ್ದರು. ಆಮೇಲೆ ಉಗಿ ಹಡಗು ಬಂತು, ಹತ್ತಿ ಬಂತು, ನಮ್ಮ ಬಂಗಾಳದ ಸೆಣಬು ಹೋಯಿತು, ಕೊನೆಗೆ ನೈಲಾನ್ ಬಂತು. 1960ರ ಹೊತ್ತಿಗೆ ಅಲ್ಲಿ ಸಾವಿರ ಹೆಕ್ಟೇರ್ ಕೂಡ ಉಳಿದಿರಲಿಲ್ಲ. ತೆಳುವಾದ ಸಿಗರೇಟು ಕಾಗದಕ್ಕೆ ಈ ನಾರು ಬೇಕಿದ್ದರಿಂದ ಬೆಳೆ ಪೂರ್ತಿ ಅಳಿಯಲಿಲ್ಲ, ಅಷ್ಟೆ.

ಆ ಸ್ಥಿತಿಯಲ್ಲಿ 1973ರಲ್ಲಿ ಓಬ್ ಎಂಬ ಜಿಲ್ಲೆಯ ರೈತರು ಸೇರಿ ಬಾರ್-ಸುರ್-ಓಬ್ ಎಂಬಲ್ಲಿ ಒಂದು ಸಹಕಾರ ಸಂಘ ಕಟ್ಟಿದರು. ಅದರ ಹೆಸರು ಲಾ ಶಾನ್ವ್ರಿಯೇರ್. ಗೋಧಿ ಬೆಳೆಯುವ ಹೊಲಕ್ಕೆ ಒಂದು ಪರ್ಯಾಯ ಬೆಳೆ ಬೇಕಿತ್ತು, ಕಾಗದದ ಕಾರ್ಖಾನೆಗೆ ನಾರು ಬೇಕಿತ್ತು. ಅವರು ಕಾಂಡವನ್ನು ಹಾಗೇ ಮಾರಿ ಕೈ ತೊಳೆದುಕೊಳ್ಳಲಿಲ್ಲ. ನಾರು ಬಿಡಿಸುವ ಗಿರಣಿಯನ್ನು ಸಂಘದಿಂದಲೇ ನಡೆಸಿದರು. ನಾರು ಕಾಗದಕ್ಕೆ ಹೋಯಿತು, ಬೀಜ ಹಕ್ಕಿಗಳ ಮೇವಿಗೆ ಹೋಯಿತು. ರಾಶಿ ಬಿದ್ದ ಕಡ್ಡಿ ಚೂರಿಗೆ ಮಾತ್ರ ಹೇಳಿಕೊಳ್ಳುವಂಥ ಬೆಲೆ ಇರಲಿಲ್ಲ. ಕುದುರೆ ಲಾಯದಲ್ಲಿ ಹಾಸುವುದಕ್ಕೆ ಕೊಡುತ್ತಿದ್ದರು.

1980ರ ದಶಕದ ಉತ್ತರಾರ್ಧದಲ್ಲಿ ಅದೇ ಓಬ್ ಜಿಲ್ಲೆಯ ನೋಜಾನ್-ಸುರ್-ಸೇನ್ ಎಂಬ ಊರಿನಲ್ಲಿ ಒಂದು ಹಳೆಯ ಮನೆಯನ್ನು ದುರಸ್ತಿ ಮಾಡಬೇಕಾಗಿ ಬಂತು. ಮರದ ಚೌಕಟ್ಟಿನ ನಡುವೆ ಮಣ್ಣು ಮೆತ್ತಿದ ಮನೆ ಅದು. ಸಿಮೆಂಟು ಹಾಕಿದರೆ ತೇವ ಹೊರಗೆ ಹೋಗದೆ ಮರ ಕೊಳೆಯುತ್ತದೆ. ಶಾರ್ಲ್ ರಾಸೆಟಿ ಎಂಬುವರು ಕಡ್ಡಿ ಚೂರನ್ನು ಸುಣ್ಣದ ಜೊತೆ ಕಲಸಿ ತುಂಬಿ ನೋಡಿದರು. ಅದು ಹಿಡಿಯಿತು. ಇವತ್ತು ಭಂಗಿ ಕಾಂಕ್ರೀಟ್ ಎಂದು ಜಗತ್ತು ಕರೆಯುವುದರ ಹುಟ್ಟು ಅಲ್ಲಿಯದು.

ಆದರೆ ಒಂದು ಮನೆ ನಿಂತ ಮಾತ್ರಕ್ಕೆ ಉದ್ದಿಮೆ ನಿಲ್ಲಲಿಲ್ಲ. 1998ರಲ್ಲಿ ಬೆಳೆಗಾರರು, ಗಿರಣಿಯವರು, ಮೇಸ್ತ್ರಿಗಳು, ಮನೆ ನಕ್ಷೆ ಮಾಡುವವರು ಎಲ್ಲ ಸೇರಿ ಒಂದು ಸಂಸ್ಥೆ ಮಾಡಿಕೊಂಡರು. ಸುಣ್ಣ ಎಷ್ಟು, ಚೂರು ಎಷ್ಟು, ಒಣಗಲು ಎಷ್ಟು ದಿನ ಎಂಬ ನಿಯಮಗಳನ್ನು ಬರೆದು, ಪರೀಕ್ಷೆ ಮಾಡಿಸಿ, 2000ರ ದಶಕದಲ್ಲಿ ಅಚ್ಚು ಹಾಕಿಸಿದರು. ಲಿಖಿತ ನಿಯಮ ಇದ್ದುದರಿಂದಲೇ ವಿಮೆಯವರೂ ಸರ್ಕಾರದವರೂ ಒಪ್ಪುವಂತಾಯಿತು. 2021ರಲ್ಲಿ ಪ್ಯಾರಿಸ್ ಹತ್ತಿರದ ಕ್ರೋಸಿ-ಬೋಬೂರ್ ಎಂಬಲ್ಲಿ ಇದೇ ಇಟ್ಟಿಗೆಯಿಂದ ಊರಿಗೆ ಒಂದು ಕ್ರೀಡಾ ಭವನವೇ ಎದ್ದಿತು. ಇಂದು ಯೂರೋಪಿನಲ್ಲಿ ಈ ಬೆಳೆ ಅತಿ ಹೆಚ್ಚು ಇರುವುದು ಫ್ರಾನ್ಸಿನಲ್ಲೇ.

ಸದಸ್ಯರು ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಲಾಯಕ್ಕೆ ಹಾಸುತ್ತಿದ್ದ ಕಡ್ಡಿಗೆ ಬೆಲೆ ಬಂದಾಗ ಅದು ಬೆಳೆದವರ ಕೈಗೆ ಬರಲು ದಾರಿ ಇತ್ತು. ಯಾಕೆಂದರೆ ಗಿರಣಿ ಅವರದೇ ಆಗಿತ್ತು. ನಮ್ಮ ತೆಂಗನ್ನು ನೋಡಿ. ಕಾಯಿ ಸಿಪ್ಪೆಯಿಂದ ನಾರು ತೆಗೆದ ಮೇಲೆ ಉಳಿಯುವ ಪುಡಿಯನ್ನು ಒಂದು ಕಾಲಕ್ಕೆ ರಸ್ತೆ ಬದಿ ಸುರಿಯುತ್ತಿದ್ದರು. ಈಗ ಅದೇ ಪುಡಿ ಇಟ್ಟಿಗೆಯಾಗಿ ಪರದೇಶದ ತೋಟಗಳಿಗೆ ಹೋಗುತ್ತದೆ. ಬೆಳೆದ ನಮಗೆ ಸಿಪ್ಪೆಯ ಚಿಲ್ಲರೆ ಕಾಸು ಬಿಟ್ಟರೆ ಏನು ಸಿಕ್ಕಿತು? ಗಿರಣಿ ಯಾರದೋ ಲಾಭ ಅವರದು.

ಇದೇ ಪಾಠವನ್ನು ಅಮೆರಿಕದ ಎರಡು ಘಟನೆಗಳು ಇನ್ನೂ ಸ್ಪಷ್ಟಪಡಿಸುತ್ತವೆ. ಅಲ್ಲಿ 1937ರ ತೆರಿಗೆ ಕಾಯಿದೆಯಿಂದ ಕುಗ್ಗಿದ್ದ ಈ ಬೆಳೆಗೆ 2018ರ ಕೃಷಿ ಕಾಯಿದೆ ಬಾಗಿಲು ತೆರೆಯಿತು. ಮರುವರ್ಷವೇ ರೈತರು ಔಷಧದ ಎಣ್ಣೆಗೆಂದು ಮುಗಿಬಿದ್ದು ಬಿತ್ತಿದರು. ಕೊಳ್ಳುವವರಿಗಿಂತ ಬೆಳೆದವರು ಹೆಚ್ಚಾಗಿ ಬೆಲೆ ಕುಸಿದು, ಎಷ್ಟೋ ಜನರ ಮಾಲು ಕಣಜದಲ್ಲೇ ಉಳಿಯಿತು. ನಮ್ಮಲ್ಲಿ 2003ರ ಸುಮಾರಿಗೆ ವೆನಿಲಾ ಬೆಲೆ ಆಕಾಶಕ್ಕೇರಿ, ಬೆನ್ನಿಗೇ ನೆಲಕ್ಕೆ ಬಿದ್ದಾಗ ಮಲೆನಾಡು, ಕರಾವಳಿಯ ರೈತರು ಪಟ್ಟ ಪಾಡನ್ನು ಮರೆತವರಿಲ್ಲ.

ಅದೇ ದೇಶದ ಮಿನ್ನೆಸೋಟ ರಾಜ್ಯದಲ್ಲಿ ಲೋಯರ್ ಸೂ ಎಂಬ ಡಕೋಟ ಬುಡಕಟ್ಟಿನವರು ಬೇರೆ ದಾರಿ ಹಿಡಿದರು. ಅವರಿಗೆ ತಮ್ಮ ಜನಕ್ಕೆ ಮನೆ ಸಾಲದೆ ಇತ್ತು. ತಮ್ಮ ನೆಲದಲ್ಲೇ ಗಿಡ ಬೆಳೆದು, ತಾವೇ ಚೂರು ಮಾಡಿ, ತಮ್ಮ ಹುಡುಗರಿಗೇ ಗೋಡೆ ಕಟ್ಟುವ ಕೆಲಸ ಕಲಿಸಿ, 2023ರಲ್ಲಿ ಮನೆ ಕಟ್ಟಿದರು. 2024ರಲ್ಲಿ 20 ಸಾವಿರ ಚದರಡಿಯ ಘಟಕ ತೆರೆದರು. ಅವರು ಹೊರಗಿನ ಕೊಳ್ಳುವವನನ್ನು ಕಾಯಲಿಲ್ಲ. ಮನೆ ಬೇಕಾದವರು ಮನೆಯಲ್ಲೇ ಇದ್ದರು.

ಇನ್ನು ನಮ್ಮ ದೇಶದ ಮಾತು. ಉತ್ತರಾಖಂಡದ ಗಢವಾಲ, ಕುಮಾವೂ ಬೆಟ್ಟಗಳಲ್ಲಿ ಭಂಗಿ ಬೀಜದ ಚಟ್ನಿ, ನಾರಿನ ಬಟ್ಟೆ ತಲೆತಲಾಂತರದ್ದು. 2018ರಲ್ಲಿ ಆ ರಾಜ್ಯ ಲೈಸೆನ್ಸ್ ಮೇಲೆ ವಾಣಿಜ್ಯ ಬೆಳೆಗೆ ಮೊದಲಾಗಿ ಅವಕಾಶ ಕೊಟ್ಟಿತು. ಆ ಸೀಮೆಯ ಪೌಡಿ ಜಿಲ್ಲೆಯಲ್ಲಿ 2001ರಿಂದ 2011ರ ನಡುವೆ ಜನಸಂಖ್ಯೆಯೇ ಇಳಿದಿತ್ತು. ಊರು ಬಿಟ್ಟು ಹೋದವರು ಅಷ್ಟು ಜನ. ಅದೇ ಜಿಲ್ಲೆಯ ಯಮಕೇಶ್ವರ ಪ್ರದೇಶದಲ್ಲಿ ನಮ್ರತಾ ಕಂಡ್ವಾಲ್ ಮತ್ತು ಗೌರವ್ ದೀಕ್ಷಿತ್ ಎಂಬ ದಂಪತಿ 2021ರಲ್ಲಿ ಭಂಗಿ ಕಡ್ಡಿ, ಸುಣ್ಣದ ಮನೆ ಕಟ್ಟಿ ತೋರಿಸಿದರು. ಇಬ್ಬರೂ ಮನೆ ನಕ್ಷೆ ಮಾಡುವ ವಿದ್ಯೆ ಕಲಿತವರು. ಆದರೂ ಅಲ್ಲಿಯ ರೈತರಿಗೆ ತೊಡಕು ತಪ್ಪಿಲ್ಲ. ಬೆಟ್ಟದ ನಾಟಿ ತಳಿಗಳಲ್ಲಿ ಮತ್ತಿನ ಅಂಶ 0.3 ಪರ್ಸೆಂಟ್ ಗಡಿ ದಾಟುವುದೇ ಹೆಚ್ಚು. ಕಾನೂನು ಬಾಗಿಲು ತೆರೆದರೂ ಬೀಜ, ಗಿರಣಿ, ಮೇಸ್ತ್ರಿ ಮೂರೂ ಒಟ್ಟಿಗೆ ಒದಗದಿದ್ದರೆ ಒಳಗೆ ಹೋಗಲಾಗುವುದಿಲ್ಲ.

ಸದಸ್ಯರು ಚೆನ್ನಾಗಿ ತಿಳಿದಿರಬೇಕಾದ ಮಾತು ಇನ್ನೊಂದಿದೆ. 1985ರ ಮಾದಕ ವಸ್ತು ಕಾಯಿದೆಯ ಪ್ರಕಾರ ಅನುಮತಿ ಇಲ್ಲದೆ ಈ ಗಿಡ ಬೆಳೆದರೆ 10 ವರ್ಷದ ತನಕ ಕಠಿಣ ಶಿಕ್ಷೆ, 1 ಲಕ್ಷದ ತನಕ ದಂಡ. ನಾರು, ಬೀಜಕ್ಕಾಗಿ ಬೆಳೆಯಲು ಸರ್ಕಾರ ಆದೇಶ ಮಾಡಿ ಅವಕಾಶ ಕೊಡಬಹುದೆಂದು ಅದೇ ಕಾಯಿದೆಯ 14ನೇ ಕಲಮು ಹೇಳುತ್ತದೆ. ಆದೇಶ ಬರುವ ಮುಂಚೆ ಯಾರೇ ಬಂದು ಬೀಜ ಕೊಡುತ್ತೇವೆ, ಬೆಳೆ ನಾವೇ ಕೊಳ್ಳುತ್ತೇವೆ ಎಂದರೆ ಬಾಗಿಲಲ್ಲೇ ನಿಲ್ಲಿಸಿ ಕಳಿಸಿ. ಜೈಲಿಗೆ ಹೋಗುವವನು ಬೀಜ ಮಾರಿದವನಲ್ಲ, ಹೊಲದ ಪಹಣಿಯಲ್ಲಿ ಹೆಸರಿರುವವನು.

ಹಾಗಾದರೆ ಈ ಇತಿಹಾಸದಿಂದ ನಮಗೇನು ಉಪಯೋಗ? ಭಂಗಿಯೇ ಆಗಬೇಕೆಂದಿಲ್ಲ. ಭತ್ತದ ಹೊಟ್ಟು, ತೆಂಗಿನ ನಾರು, ಕಬ್ಬಿನ ಸಿಪ್ಪೆ, ಮೆಕ್ಕೆಜೋಳದ ದಂಟು, ಯಾವುದೇ ಇರಲಿ, ಹೊಸ ದಾರಿ ಹಿಡಿಯುವ ಮುಂಚೆ ಸಂಘ ಮೂರು ಪ್ರಶ್ನೆ ಕೇಳಬೇಕು. ಕೊಳ್ಳುವವನು ಯಾರು? ಗಿರಣಿ ಯಾರದು? ಉಳಿಯುವ ಕಸ ಯಾರ ಪಾಲು? ಮೂರಕ್ಕೂ ಬರವಣಿಗೆಯಲ್ಲಿ ಉತ್ತರ ಸಿಕ್ಕ ಮೇಲೆ ಬಿತ್ತನೆಯ ಮಾತು.

1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರದ ದೀಪ ಹಚ್ಚಿದಾಗ ಇದ್ದ ಸಂಕಟ ಸಾಲದ ಬಡ್ಡಿಯದು. ರೈತ ಒಬ್ಬನೇ ಸಾಹುಕಾರನ ಮುಂದೆ ನಿಲ್ಲಲಾರ ಎಂದು ಅವರು ಸಂಘ ಕಟ್ಟಿದರು. ಇಂದಿನ ಸಂಕಟ ಬೆಳೆದದ್ದರ ಬೆಲೆ ನಮ್ಮ ಕೈ ತಪ್ಪಿ ಹೋಗುವುದು. ಅದಕ್ಕೂ ಒಬ್ಬನೇ ಸಾಲದು. ಕಳೆದ ಇಪ್ಪತ್ತೈದು ವರ್ಷ ಸಂಘ ಸಾಲ, ಗೊಬ್ಬರ, ಬೀಜ ಕೊಟ್ಟು ನಮ್ಮನ್ನು ನಿಲ್ಲಿಸಿದೆ. ಮುಂದಿನ ಇಪ್ಪತ್ತೈದರಲ್ಲಿ ಒಂದಾದರೂ ಗಿರಣಿ ಸಂಘದ ಹೆಸರಿನಲ್ಲಿ ತಿರುಗಲಿ ಎಂಬುದು ನಮ್ಮ ಆಸೆ. ಅದು ಎಂಥ ಗಿರಣಿ ಎಂಬುದನ್ನು ಸದಸ್ಯರೆಲ್ಲ ಸೇರಿ ತೀರ್ಮಾನಿಸೋಣ.

ಜೈ ಸಹಕಾರ.