ಕ್ಯಾಸನೂರಿನಿಂದ ಸತ್ತರಿಯವರೆಗೆ

2015ರಲ್ಲಿ ಗೋವೆಯ ಸತ್ತರಿ ತಾಲ್ಲೂಕಿನ ಕಾಡಂಚಿನ ಹಳ್ಳಿಗಳಲ್ಲಿ, ಗೇರುತೋಟಗಳಲ್ಲಿ ದುಡಿಯುವ ಜನರನ್ನು ತೀವ್ರ ಜ್ವರವೊಂದು ಕಾಡಿತು. ಅದು ಹೆಸರಿಲ್ಲದ ರೋಗವಾಗಿರಲಿಲ್ಲ. ಅದರ ಮೂಲವನ್ನು ಕನ್ನಡನಾಡಿನ ಕಾಡೊಂದರಲ್ಲಿ 58 ವರ್ಷಗಳ ಹಿಂದೆಯೇ ಶೋಧಿಸಲಾಗಿತ್ತು.

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತುಬಿದ್ದವು; ಸುತ್ತಲಿನ ಹಳ್ಳಿಗರು ಜ್ವರಕ್ಕೆ ತುತ್ತಾಗಿ, ಕೆಲವರು ಪ್ರಾಣವನ್ನೂ ಕಳೆದುಕೊಂಡರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಕಾಡು ಹೊಕ್ಕು, ಸತ್ತ ಮಂಗಗಳನ್ನೂ ಉಣುಗುಗಳನ್ನೂ ಪರೀಕ್ಷಿಸಿ ಹೊಸ ವೈರಾಣುವನ್ನು ಪತ್ತೆಹಚ್ಚಿದರು. ಅದನ್ನು ಮನುಷ್ಯರಿಗೆ ದಾಟಿಸುವುದು ಉಣುಗಿನ ಕಡಿತವೆಂಬುದು ತಿಳಿಯಿತು. ಜನರು ‘ಮಂಗನ ಕಾಯಿಲೆ’ ಎಂದ ಈ ರೋಗಕ್ಕೆ ವೈದ್ಯಗ್ರಂಥಗಳಲ್ಲಿ ಕ್ಯಾಸನೂರಿನ ಹೆಸರೇ ನಿಂತಿತು.

ಆ ಅರಿವಿನಿಂದಲೇ ಇಂದು ಸಹ್ಯಾದ್ರಿಯ ಕೂಲಿಕಾರರು ಮೈತುಂಬ ಬಟ್ಟೆ ತೊಟ್ಟು, ಕೈಕಾಲಿಗೆ ಉಣುಗುನಿವಾರಕ ತೈಲ ಸವರಿ ಕಾಡಿಗೆ ಹೋಗುತ್ತಾರೆ; ಮಂಗ ಸತ್ತರೆ ಮುಟ್ಟದೆ ಆರೋಗ್ಯ ಕಾರ್ಯಕರ್ತರಿಗೆ ತಿಳಿಸುತ್ತಾರೆ.

ಆದರೆ ಕೆಲಸ ಮುಗಿದಿಲ್ಲ. ದಶಕಗಳ ಕಾಲ ನೀಡಿದ ಲಸಿಕೆಯ ಪರಿಣಾಮ ಕುಂದಿದ್ದರಿಂದ 2022ರಲ್ಲಿ ಕರ್ನಾಟಕವು ಅದನ್ನು ಕೈಬಿಟ್ಟಿತು. ರೋಗಕ್ಕೆ ನಿರ್ದಿಷ್ಟ ಔಷಧ ಇನ್ನೂ ಇಲ್ಲ. ಸಂಶೋಧನೆಯೆಂಬುದು ಒಮ್ಮೆ ಕಟ್ಟಿ ಬಿಡುವ ಮನೆಯಲ್ಲ. ವರ್ಷವರ್ಷವೂ ಹೊದಿಕೆ ಬೇಡುವ ಮಾಡು. ಆ ಹೊದಿಕೆಯನ್ನು ಹೊದಿಸುವ ಕೈಗಳು ಕನ್ನಡ ಶಾಲೆಗಳ ಮಕ್ಕಳವೂ ಆಗಲಿ.