ವ್ಯಾಸೊಪ್ರೆಸಿನ್
ವ್ಯಾಸೊಪ್ರೆಸಿನ್ ಮೂತ್ರದಲ್ಲಿ ಹೋಗುವ ನೀರನ್ನು ತಡೆದು ದೇಹದ ಜಲಸಮತೋಲ ಕಾಯುವ, 9 ಅಮೈನೊ ಆಮ್ಲಗಳ ಹಾರ್ಮೋನು. ಇದು ಮಿದುಳಿನ ಹೈಪೊಥಲಾಮಸ್‌ನ ನರಕೋಶಗಳಲ್ಲಿ ತಯಾರಾಗಿ, ಪಿಟ್ಯುಟರಿ ಗ್ರಂಥಿಯ ಹಿಂಭಾಗದಲ್ಲಿ ಶೇಖರವಾಗಿದ್ದು, ಅಲ್ಲಿಂದ ರಕ್ತಕ್ಕೆ ಸೇರುತ್ತದೆ. ಆಕ್ಸಿಟೋಸಿನ್ ಜೊತೆಗೆ ಇದರ ರಚನೆಯನ್ನೂ ಬಿಡಿಸಿದ ವಿನ್ಸೆಂಟ್ ಡು ವಿನ್ಯೋ 1955ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಡೆದರು.

ನೀರನ್ನು ಸೋಸುವುದು ಮೂತ್ರಪಿಂಡವಾದರೂ ಎಷ್ಟು ಉಳಿಸಬೇಕೆಂಬ ನಿರ್ಧಾರ ಮಿದುಳಿನದು. ರಕ್ತದ ಲವಣಸಾಂದ್ರತೆ ಶೇ. 1ರಿಂದ 2ರಷ್ಟು ಏರಿದರೂ ಹೈಪೊಥಲಾಮಸ್‌ನ ಗ್ರಾಹಕ ಕೋಶಗಳು ಕುಗ್ಗಿ, ಹಾರ್ಮೋನು ಸ್ರವಿಸುತ್ತದೆ. ಅದು ತಾಕಿದೊಡನೆ ಮೂತ್ರಪಿಂಡದ ಸಂಗ್ರಾಹಕ ನಾಳದ ಕೋಶಗಳೊಳಗಿದ್ದ ಅಕ್ವಾಪೊರಿನ್-2 ಎಂಬ ನೀರಿನ ಕಾಲುವೆಗಳು ಹೊರಪೊರೆಗೆ ಬಂದು ಕೂರುತ್ತವೆ, ನೀರು ಮರಳಿ ರಕ್ತಕ್ಕೆ ಹೀರಲ್ಪಡುತ್ತದೆ. ಈ ಹಾರ್ಮೋನಿನ ಕೊರತೆಯಿಂದ ಬರುವ ಡಯಾಬಿಟಿಸ್ ಇನ್ಸಿಪಿಡಸ್ ರೋಗ ಆ ನಿರ್ಧಾರ ಮಿದುಳಿನದೆಂಬುದಕ್ಕೆ ಬಲವಾದ ಸಾಕ್ಷಿ: ಮೂತ್ರಪಿಂಡ ಆರೋಗ್ಯವಾಗಿದ್ದರೂ ದಿನಕ್ಕೆ 10 ಲೀಟರಿಗೂ ಮಿಕ್ಕಿ ಮೂತ್ರ ಹೋಗಬಹುದು, ಈ ಹಾರ್ಮೋನಿನ ಕೃತಕ ರೂಪವಾದ ಡೆಸ್ಮೊಪ್ರೆಸಿನ್ ಕೊಟ್ಟರೆ ಅದು ಇಳಿಯುತ್ತದೆ. ಬೇಕಾದಷ್ಟು ನೀರು ಕುಡಿಯುವ ಇಂಥ ರೋಗಿಗಳಲ್ಲಿ ರಕ್ತದ ಸೋಡಿಯಂ ಬಹುಪಾಲು ಸಹಜವಾಗಿಯೇ ಇರುವುದರಿಂದ ಬಾಯಾರಿಕೆಯೇ ಮುಖ್ಯವೆಂಬ ಆಕ್ಷೇಪವುಂಟು. ಅದರಲ್ಲಿ ಹುರುಳಿದೆ. ಆದರೆ ಬಾಯಾರಿಕೆ ಹೋದ ನೀರನ್ನು ತುಂಬಿಸಬಲ್ಲುದೇ ಹೊರತು ಹೋಗುವುದನ್ನು ತಡೆಯಲಾರದು. ಎಚ್ಚರ ತಪ್ಪಿದ ರೋಗಿಗೆ, ಕೇಳಿ ಕುಡಿಯಲಾಗದ ಶಿಶುವಿಗೆ ಅದರ ಆಸರೆಯೂ ಸಿಗದೆ ಸೋಡಿಯಂ ಅಪಾಯದ ಮಟ್ಟಕ್ಕೇರುತ್ತದೆ.