ಹಿಂದಿನ ಆಕ್ಸಲ್‌ನ ಡಿಫರೆನ್ಷಿಯಲ್: ಜೋಡಣೆ ಮತ್ತು ಹೊಂದಾಣಿಕೆ

ವಾಹನವು ತಿರುವಿನಲ್ಲಿ ಸಾಗುವಾಗ ಹೊರಗಿನ ಚಕ್ರವು ಒಳಗಿನದಕ್ಕಿಂತ ಹೆಚ್ಚು ದೂರ ಕ್ರಮಿಸಬೇಕಾಗುವುದರಿಂದ, ಎರಡೂ ಬೇರೆ ಬೇರೆ ವೇಗದಲ್ಲಿ ಉರುಳಲು ಅವಕಾಶ ಕೊಡುವ ಡಿಫರೆನ್ಷಿಯಲ್ ಎಂಬ ಹಲ್ಲುಚಕ್ರಗಳ ಕೂಟವನ್ನು ಫ್ರಾನ್ಸಿನ ಒನೆಸಿಫೋರ್ ಪೆಕರ್ ಅವರು 1820ರ ದಶಕದ ಕೊನೆಯಲ್ಲಿ ಉಗಿಬಂಡಿಗಾಗಿ ರೂಪಿಸಿದರು. ಅಂಬಾಸಿಡರ್‌ನಂತಹ ಹಿಂಚಕ್ರ ಚಾಲನೆಯ ಕಾರುಗಳಲ್ಲಿ ಇದು ಹಿಂದಿನ ಆಕ್ಸಲ್‌ನ ನಡುವೆ, ಗೇರ್ ಎಣ್ಣೆಯಲ್ಲಿ ಅರೆಮುಳುಗಿ ತಿರುಗುತ್ತದೆ.

ಬಿಡಿಭಾಗಗಳನ್ನು ಕೂಡಿಸುವುದಕ್ಕಿಂತ ಅವುಗಳನ್ನು ಹೊಂದಿಸುವುದೇ ಇಲ್ಲಿನ ನಿಜವಾದ ಕುಶಲತೆ. ಪ್ರೊಪೆಲ್ಲರ್ ಶಾಫ್ಟಿನಿಂದ ಶಕ್ತಿ ಪಡೆಯುವ ಚಿಕ್ಕ ಹಲ್ಲುಚಕ್ರವಾದ ಪಿನಿಯನ್ನು, ದೊಡ್ಡದಾದ ಕ್ರೌನ್ ವೀಲ್‌ಗೆ ಎಷ್ಟು ಹತ್ತಿರ ಕೂರಬೇಕೆಂಬುದನ್ನು ಶಿಮ್ ಎನ್ನುವ ತೆಳು ಉಕ್ಕಿನ ಬಿಲ್ಲೆಗಳು ನಿರ್ಧರಿಸುತ್ತವೆ. ಬಳಿಕ ಬೇರಿಂಗುಗಳು ಅಲುಗಾಡದಂತೆ ಅವುಗಳ ಮೇಲೆ ಮೊದಲೇ ಒತ್ತಡ ಹೇರಿ, ಹಲ್ಲುಗಳ ನಡುವಿನ ಸಡಿಲಿಕೆಯನ್ನು, ಅಂದರೆ ಬ್ಯಾಕ್‌ಲ್ಯಾಶನ್ನು, ಡಯಲ್ ಗೇಜಿನಿಂದ ಅಳೆಯಲಾಗುತ್ತದೆ. ಕಾರುಗಳಲ್ಲಿ ಇದು ಸಾಮಾನ್ಯವಾಗಿ 0.1ರಿಂದ 0.25 ಮಿ.ಮೀ. ಮಾತ್ರ. ಕೊನೆಗೆ ಹಲ್ಲುಗಳಿಗೆ ಬಣ್ಣ ಸವರಿ ತಿರುಗಿಸಿದಾಗ ಉಜ್ಜಿದ ಗುರುತು ಹಲ್ಲಿನ ನಡುಮೈಯಲ್ಲಿ ಮೂಡಿದರೆ ಹೊಂದಾಣಿಕೆ ಸರಿ. ತುದಿಗೋ ಬುಡಕ್ಕೋ ಸರಿದಿದ್ದರೆ ಎಲ್ಲವನ್ನೂ ಬಿಚ್ಚಿ ಶಿಮ್ ಬದಲಿಸಬೇಕು. ಈ ತಾಳ್ಮೆ ತಪ್ಪಿದ ಆಕ್ಸಲ್ ಓಡುವಾಗ ಊಳಿಡುತ್ತದೆ. ಕ್ರೌನ್ ವೀಲ್ ಮತ್ತು ಪಿನಿಯನ್ನುಗಳನ್ನು ಕಾರ್ಖಾನೆಯಲ್ಲಿ ಒಟ್ಟಿಗೆ ಮಸೆದು ಜೋಡಿ ಮಾಡಿರುವುದರಿಂದ, ಒಂದು ಸವೆದರೂ ಎರಡನ್ನೂ ಬದಲಾಯಿಸಲಾಗುತ್ತದೆ.